ಸೀರೆಯ ಶುಭ್ರತೆ, ದುಡಿಯುವವರ ಉಸಿರು

ಮದುವೆ, ಗೃಹಪ್ರವೇಶಗಳ ಸಂಭ್ರಮ ಮುಗಿದ ಮೇಲೆ ರೇಷ್ಮೆ ಸೀರೆ, ಉಣ್ಣೆಯ ಶಾಲುಗಳನ್ನು ಡ್ರೈ ಕ್ಲೀನಿಂಗಿಗೆ ಕೊಡುವುದು ನಮ್ಮ ಮನೆಗಳಲ್ಲಿ ರೂಢಿಯಾಗಿದೆ. ಹೆಸರಿನಲ್ಲಿ ‘ಡ್ರೈ’ ಎಂದಿದ್ದರೂ ಬಟ್ಟೆ ಅಲ್ಲಿ ಒದ್ದೆಯಾಗಿಯೇ ಆಗುತ್ತದೆ. ನೀರಿಗೆ ಬದಲಾಗಿ, ಜಿಡ್ಡನ್ನು ಕರಗಿಸುವ ದ್ರಾವಕವೊಂದರಲ್ಲಿ ಅದನ್ನು ಅದ್ದಿ ತಿರುಗಿಸುತ್ತಾರೆ. ಆ ದ್ರಾವಕ ಯಾವುದೆಂದು ನಾವು ಕೇಳುವುದೇ ಅಪರೂಪ.

ನಮ್ಮ ದೇಶದ ಅನೇಕ ಅಂಗಡಿಗಳಲ್ಲಿ ಬಳಕೆಯಲ್ಲಿರುವುದು ಪೆಟ್ರೋಲಿಯಂನಿಂದ ಬರುವ ಮಿನರಲ್ ಟರ್ಪೆಂಟೈನ್. ಅದು ಬಟ್ಟೆಗೆ ಸೌಮ್ಯ; ಆದರೆ ನಿಧಾನವಾಗಿ ಆರುತ್ತದೆ, ವಾಸನೆ ಉಳಿಸುತ್ತದೆ, ಬೆಂಕಿಗೆ ಸುಲಭವಾಗಿ ತುತ್ತಾಗುತ್ತದೆ.

ಎರಡನೆಯದು ‘ಪರ್ಕ್’ ಎಂದು ಕರೆಯಲಾಗುವ ಪರ್ಕ್ಲೋರೋಎಥಿಲೀನ್. ಅದು ಹೊತ್ತಿಕೊಳ್ಳುವುದಿಲ್ಲ, ಜಿಡ್ಡನ್ನು ಬೇಗ ತೆಗೆಯುತ್ತದೆ, ಭಟ್ಟಿ ಇಳಿಸಿ ಮತ್ತೆ ಮತ್ತೆ ಬಳಸಬಹುದು. ಆದರೆ ಅದರ ಆವಿ ತಲೆನೋವು, ತಲೆಸುತ್ತು ತರುತ್ತದೆ. ಅದು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಸಂಭವವಿದೆಯೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿ ವರ್ಗೀಕರಿಸಿತು. ಡ್ರೈ ಕ್ಲೀನಿಂಗಿನಲ್ಲಿ ಅದರ ಬಳಕೆಯನ್ನು 10 ವರ್ಷಗಳಲ್ಲಿ ಹಂತಹಂತವಾಗಿ ನಿಲ್ಲಿಸುವ ನಿಯಮವನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2024ರ ಡಿಸೆಂಬರಿನಲ್ಲಿ ಪ್ರಕಟಿಸಿತು. ದ್ರವರೂಪದ ಇಂಗಾಲದ ಡೈಆಕ್ಸೈಡಿನಿಂದ ತೊಳೆಯುವ ವಿಧಾನ ಇವೆರಡಕ್ಕಿಂತ ನಿರಪಾಯಕರ. ಅದರ ಯಂತ್ರ ಮಾತ್ರ ಬಹಳ ದುಬಾರಿ.

ಹಾಗಾದರೆ ಗೃಹಿಣಿಯರು ಮಾಡಬೇಕಾದುದೇನು? ಅಂಗಡಿಯವರನ್ನು ದ್ರಾವಕದ ಬಗೆಗೆ ಕೇಳಿರಿ. ಪಾಯಸ, ಬೆವರಿನ ಕಲೆಗಳು ನೀರಿನಲ್ಲಿ ಕರಗುವಂಥವು. ದ್ರಾವಕ ಒಂದರಿಂದಲೇ ಅವು ಹೋಗುವುದಿಲ್ಲವಾದ್ದರಿಂದ ಮೊದಲೇ ತೋರಿಸಿಕೊಡಿರಿ. ಮನೆಗೆ ತಂದ ಬಟ್ಟೆಯ ಪ್ಲಾಸ್ಟಿಕ್ ಹೊದಿಕೆ ತೆಗೆದು, ಗಾಳಿಯಾಡುವ ನೆರಳಿನಲ್ಲಿ ಒಂದು ದಿನ ಹರವಿ, ವಾಸನೆ ಹೋದ ಮೇಲೆ ಬೀರುವಿನಲ್ಲಿ ಇಡಿರಿ. ಮಗು ಮಲಗುವ ಕೋಣೆಯಲ್ಲಿ ಅದನ್ನು ತೂಗುಹಾಕಬೇಡಿರಿ. ಮನೆಯಲ್ಲಿ ಪೆಟ್ರೋಲ್ ಬಳಸಿ ಕಲೆ ತೆಗೆಯುವ ಸಾಹಸವಂತೂ ಬೇಡವೇ ಬೇಡ. ಒಂದೇ ಬಾರಿ ಉಟ್ಟ, ಕಲೆಯಾಗದ ಸೀರೆಗೆ ಗಾಳಿಯಾಡಿಸಿದರೆ ಸಾಕು.

ನಾವು ಆ ಸೀರೆಯನ್ನು ಉಡುವುದು ವರ್ಷಕ್ಕೆ ನಾಲ್ಕು ದಿನ. ಯಂತ್ರದ ಬಳಿ ನಿಂತವರು ಆ ಆವಿಯನ್ನು ಉಸಿರಾಡುವುದು ದಿನವಿಡೀ. ಬಟ್ಟೆ ಮಡಿ ಮಾಡುವುದನ್ನೇ ಕಾಯಕವಾಗಿಸಿಕೊಂಡ ಮಡಿವಾಳ ಮಾಚಿದೇವರನ್ನು ಶರಣರೆಂದು ಪೂಜಿಸುವವರು ನಾವು. ಇಂದು ಅದೇ ಕಾಯಕದಲ್ಲಿರುವವರ ಅಂಗಡಿಗೆ ಕಿಟಕಿಯಿದೆಯೇ, ಯಂತ್ರ ಸೋರುತ್ತಿಲ್ಲವೇ ಎಂದು ವಿಚಾರಿಸುವುದೂ ಭಕ್ತಿಯ ಒಂದು ಭಾಗವೇ ಸರಿ.