ರಕ್ತ ಪರೀಕ್ಷೆಗಿಂತ ಮೊದಲು ಮನೆಯಲ್ಲಿ ಕೇಳಿ

ಅಂಡಾಶಯದ ಕ್ಯಾನ್ಸರನ್ನು ರಕ್ತ ಪರೀಕ್ಷೆಯಲ್ಲೇ ಮೊದಲು ಹಿಡಿಯಬಹುದು ಎಂಬ ಮೆಸೇಜುಗಳು ನಮ್ಮ ಗ್ರೂಪುಗಳಲ್ಲಿ ಓಡಾಡುತ್ತವೆ. ಯಾವ ತೊಂದರೆಯೂ, ಕುಟುಂಬದಲ್ಲಿ ಆ ರೋಗವೂ ಇಲ್ಲದವರು ಇದಕ್ಕೆ ದುಡ್ಡು ಸುರಿಯಬೇಕಿಲ್ಲ. ಬ್ರಿಟನ್ನಿನಲ್ಲಿ ಮುಟ್ಟು ನಿಂತ 2 ಲಕ್ಷಕ್ಕೂ ಹೆಚ್ಚು ಹೆಂಗಸರ ಅಧ್ಯಯನ ನಡೆಯಿತು. ಅವರಲ್ಲಿ ಒಂದು ಗುಂಪಿಗೆ ಪ್ರತಿವರ್ಷ ಸಿಎ-125 ರಕ್ತ ಪರೀಕ್ಷೆ ಮಾಡಿದರು. 2021ರ ಫಲಿತಾಂಶ: ರೋಗ ಸ್ವಲ್ಪ ಬೇಗ ಸಿಕ್ಕಿತು, ಸಾವು ಮಾತ್ರ ಕಡಿಮೆಯಾಗಲಿಲ್ಲ. ಗರ್ಭಕೋಶದ ಗಡ್ಡೆ, ಹೊಟ್ಟೆಯ ಕ್ಷಯ ಇದ್ದರೂ ಸಿಎ-125 ಏರುತ್ತದೆ.

ಬಿಆರ್‌ಸಿಎ ಜೀನ್ ಪರೀಕ್ಷೆಯ ಕಥೆ ಬೇರೆ. ಅದು ರೋಗವನ್ನಲ್ಲ, ಮುಂದಿನ ಅಪಾಯವನ್ನು ಹೇಳುತ್ತದೆ. ಬಿಆರ್‌ಸಿಎ1 ದೋಷವಿರುವ 100 ಹೆಂಗಸರಲ್ಲಿ ಸುಮಾರು 40 ಮಂದಿಗೆ ಜೀವಮಾನದಲ್ಲಿ ಈ ಕ್ಯಾನ್ಸರ್ ಬರಬಹುದು. ಮೊದಲೇ ಗೊತ್ತಾದರೆ, ಮಕ್ಕಳಾದ ಮೇಲೆ ಆಪರೇಷನ್ ಮಾಡಿಸಿ ಅಪಾಯವನ್ನು ಬಹಳಷ್ಟು ತಗ್ಗಿಸಬಹುದು.

ಈ ದೋಷ ತಂದೆಯ ಕಡೆಯಿಂದಲೂ ಬರುತ್ತದೆ. ಆದರೆ ನಮ್ಮ ಮನೆಗಳಲ್ಲಿ ಹೆಂಗಸರ ಕಾಯಿಲೆ ಅಂದರೆ ಗಂಡಸರು ಎದ್ದು ಹೋಗುತ್ತಾರೆ. ಅಜ್ಜಿ ತೀರಿಕೊಂಡದ್ದು 'ಹೊಟ್ಟೆ ಬೇನೆ'ಯಲ್ಲಿ ಎಂದಷ್ಟೇ ಉಳಿಯುತ್ತದೆ. ಅಷ್ಟರಿಂದ ಡಾಕ್ಟರಿಗೆ ಏನು ತಿಳಿದೀತು?

ಉಮ್ಮನ ಕಡೆ, ಬಾಪನ ಕಡೆ ಯಾರಿಗೆ ಸ್ತನದ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿತ್ತು, ಯಾವ ವಯಸ್ಸಿನಲ್ಲಿ, ಕೇಳಿ ಬರೆದಿಡಿ. ಉಮ್ಮನಿಗೆ ವಾರಗಟ್ಟಲೆ ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬುವುದು ಇದ್ದರೆ ಗ್ಯಾಸಿನ ಮಾತ್ರೆ ತರಬೇಡಿ, ಸ್ತ್ರೀರೋಗ ತಜ್ಞರಲ್ಲಿಗೆ ಕರೆದುಕೊಂಡು ಹೋಗಿ.