ನಮ್ಮ ಹೆಣ್ಣುಮಕ್ಕಳೂ ಕಲಾಸಂಗ್ರಹಾಲಯದ ಅಧಿಕಾರವೂ

ಹೈಸ್ಕೂಲಿನ ವಿದ್ಯಾಭ್ಯಾಸವನ್ನು ಮುಗಿಸಿದ ಕನ್ಯೆಯು ಮುಂದೆ ಏನಾಗಬೇಕು ಎಂಬ ಪ್ರಶ್ನೆಗೆ ನಮ್ಮ ಸೀಮೆಯ ತಾಯ್ತಂದೆಗಳು ಕೊಡುವ ಉತ್ತರಗಳು ಬಹಳವಿಲ್ಲ. ಶಿಕ್ಷಕಿ, ದಾದಿ, ವೈದ್ಯೆ. ಈಚೆಗೆ ಇಂಜಿನಿಯರ್ ಇಲ್ಲವೆ ಬ್ಯಾಂಕಿನ ನೌಕರಿ. ಇವೆಲ್ಲವೂ ಮರ್ಯಾದೆಯ ವೃತ್ತಿಗಳೆಂಬದರಲ್ಲಿ ಸಂದೇಹವಿಲ್ಲ. ಆದರೆ ಈ ಪಟ್ಟಿಯಲ್ಲಿ ಇನ್ನೊಂದು ವೃತ್ತಿಗೂ ಸ್ಥಾನವಿರಬೇಕೆಂದು ನಾವು ತಾಯ್ತಂದೆಗಳಲ್ಲಿ ಬಿನ್ನವಿಸುತ್ತೇವೆ. ಅದು ಕಲಾಸಂಗ್ರಹಾಲಯದ ಪಾಲಕಿಯ, ಮುಂದೆ ಅದರ ನಿರ್ದೇಶಕಿಯ ವೃತ್ತಿ. ಶಿರೋಳದ ಹುಡುಗಿಗೂ ಮ್ಯೂಜಿಯಮ್ಮಿಗೂ ಎಲ್ಲಿಯ ಸಂಬಂಧವೆಂದು ಕೆಲವರು ನಕ್ಕಾರು. ಸಂಬಂಧವುಂಟೆಂದು ತೋರಿಸುವದೇ ಈ ಲೇಖನದ ಉದ್ದೇಶವು.

ಮ್ಯೂಜಿಯಮ್ಮಿನ ಅಧಿಕಾರಿಯೆಂದರೆ ಕೀಲಿಕೈಗಳ ಗೊಂಚಲನ್ನು ಹಿಡಿದು ಹಳೆಯ ಕಲ್ಲುಗಳನ್ನು ಕಾಯುವವನು ಎಂಬ ಕಲ್ಪನೆಯು ನಮ್ಮ ಜನರಲ್ಲಿ ಬೇರೂರಿದೆ. ನಿಜಸ್ಥಿತಿಯು ಬೇರೆ. ಒಂದು ವಿಗ್ರಹವು ಸಂಗ್ರಹಾಲಯಕ್ಕೆ ಬಂದ ಕೂಡಲೆ ಅದಕ್ಕೊಂದು ಸಂಖ್ಯೆಯನ್ನು ಕೊಟ್ಟು, ಅದು ಯಾವ ಊರಿನ ಯಾವ ಹೊಲದಲ್ಲಿ ದೊರೆಯಿತು, ಯಾರು ಕೊಟ್ಟರು, ಕಲ್ಲು ಯಾವ ಬಗೆಯದು, ಅಳತೆಯೆಷ್ಟು, ಎಲ್ಲಿ ಮುಕ್ಕಾಗಿದೆ ಎಂಬದನ್ನೆಲ್ಲ ದಾಖಲೆಯ ಪುಸ್ತಕದಲ್ಲಿ ಬರೆಯಬೇಕು. ಈ ಬರಹವಿಲ್ಲದಿದ್ದರೆ ವಿಗ್ರಹವು ಉಳಿದರೂ ಅದರ ಚರಿತ್ರೆಯು ಅಳಿದುಹೋಗುವದು. ತಾಳೆಯೋಲೆಗೆ ಹುಳುವಿನ ಭಯ, ತಾಮ್ರಪಟಕ್ಕೆ ತೇವದ ಭಯ, ಬಣ್ಣದ ವಸ್ತ್ರಕ್ಕೆ ಬೆಳಕಿನ ಭಯ. ಪ್ರತಿಯೊಂದಕ್ಕೂ ಬೇರೆ ಬೇರೆ ಆರೈಕೆಯುಂಟು. ಇಷ್ಟನ್ನು ಪಾಲಕನು ಮಾಡಿದರೆ, ನಿರ್ದೇಶಕನು ಇದಕ್ಕೆಲ್ಲ ಹಣವನ್ನೂ ಕಟ್ಟಡವನ್ನೂ ಒದಗಿಸಿ, ಯಾವ ವಸ್ತುವನ್ನು ಕೊಳ್ಳಬೇಕು, ಯಾವದನ್ನು ಜನರ ಮುಂದಿಡಬೇಕು, ಶಾಲೆಯ ಮಕ್ಕಳಿಗೆ ಅದನ್ನು ಹೇಗೆ ತಿಳಿಯಪಡಿಸಬೇಕು ಎಂಬದನ್ನು ನಿರ್ಣಯಿಸುತ್ತಾನೆ. ವಿದ್ವತ್ತು, ಆಡಳಿತ, ತಾಳ್ಮೆ ಈ ಮೂರೂ ಒಬ್ಬರಲ್ಲಿಯೇ ಕೂಡಿರಬೇಕಾದ ಕೆಲಸವಿದು.

ಕನ್ನಡನಾಡಿಗೆ ಈ ವೃತ್ತಿಯು ಹೊಸದಲ್ಲ. ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯವು ೧೮೬೫ರಲ್ಲಿಯೇ ಸ್ಥಾಪಿತವಾಯಿತು. ನಮ್ಮ ಭಾಗದಲ್ಲಿ, ೧೯೩೯ರಲ್ಲಿ, ಅಂದಿನ ಮುಂಬಯಿ ಸರಕಾರವು ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆಯನ್ನು ತೆರೆಯಿತು. ಅದರ ಮೊದಲ ನಿರ್ದೇಶಕರು ಶಾಸನಶಾಸ್ತ್ರದಲ್ಲಿ ನುರಿತ ಶ್ರೀ ಆರ್. ಎಸ್. ಪಂಚಮುಖಿಯವರು. ಶಾಸನಗಳು, ಓಲೆಯ ಗ್ರಂಥಗಳು, ಶಿಲ್ಪಗಳು ಅಲ್ಲಿ ಒಂದೆಡೆ ಸೇರಿದವು. ಮುಂದೆ ಆ ಸಂಸ್ಥೆಯು ಕರ್ನಾಟಕ ವಿಶ್ವವಿದ್ಯಾಲಯದ ಆಡಳಿತಕ್ಕೆ ಬಂದಿತು. ಅದೇ ಸಂಸ್ಥೆಯಲ್ಲಿ ದುಡಿದ ಡಾ. ಎಂ. ಎಸ್. ನಾಗರಾಜರಾಯರು ರಾಜ್ಯದ ಪುರಾತತ್ವ ಮತ್ತು ವಸ್ತುಸಂಗ್ರಹಾಲಯಗಳ ಇಲಾಖೆಯ ನಿರ್ದೇಶಕರಾಗಿ, ೧೯೮೪ರಲ್ಲಿ ಅಖಿಲ ಭಾರತದ ಪುರಾತತ್ವ ಇಲಾಖೆಗೆ ಮಹಾನಿರ್ದೇಶಕರಾದರು. ಧಾರವಾಡದ ಒಂದು ಸಂಸ್ಥೆಯಿಂದ ದಿಲ್ಲಿಯ ಅತ್ಯುನ್ನತ ಪದವಿಯವರೆಗೆ ಈ ದಾರಿಯು ಹೋಗುತ್ತದೆಂಬದನ್ನು ತಾಯ್ತಂದೆಗಳು ಗಮನಿಸಬೇಕು.

ಇವರೆಲ್ಲರೂ ಪುರುಷರಲ್ಲವೆ ಎಂದು ಕೇಳಬಹುದು. ಹಾಗೆ ಕೇಳುವವರು ಗದಗಿನ ಸಮೀಪದ ಲಕ್ಕುಂಡಿಯನ್ನೊಮ್ಮೆ ನೆನೆಯಲಿ. ಅಲ್ಲಿಯ ಬ್ರಹ್ಮಜಿನಾಲಯವನ್ನು ಕಟ್ಟಿಸಿದವಳು ದಾನಚಿಂತಾಮಣಿ ಅತ್ತಿಮಬ್ಬೆ. ಅದನ್ನು ಹೇಳುವ ಶಾಸನವು ೧೦೦೭ರದು. ಪೊನ್ನನ ಶಾಂತಿಪುರಾಣವು ಮರೆಯಾಗಬಾರದೆಂದು ಅವಳು ಅದರ ಒಂದು ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬದು ಕನ್ನಡಿಗರೆಲ್ಲರೂ ಬಲ್ಲ ಸಂಗತಿ. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಒಂದು ಕೃತಿಯನ್ನು ಉಳಿಸುವ ಉಪಾಯವು ಅದೊಂದೇ ಆಗಿತ್ತು. ಆರಿಸುವದು, ಕಾಪಾಡುವದು, ಜನರಿಗೆ ಮುಟ್ಟಿಸುವದು ಈ ಮೂರೇ ಸಂಗ್ರಹಾಲಯದ ಧರ್ಮವಾಗಿದ್ದರೆ, ನಮ್ಮ ನೆಲದಲ್ಲಿ ಆ ಧರ್ಮವನ್ನು ಸಾವಿರ ವರ್ಷಗಳ ಹಿಂದೆ ನಡೆಯಿಸಿ ತೋರಿದವಳು ಹೆಂಗಸೇ.

ಈ ಕಾಲದ ನಿದರ್ಶನವು ಬೇಕೆಂದರೆ ಗ್ರೇಸ್ ಮಾರ್ಲಿಯವರ ಚರಿತ್ರೆಯನ್ನು ನೋಡಬಹುದು. ೧೯೦೦ರಲ್ಲಿ ಅಮೇರಿಕೆಯಲ್ಲಿ ಹುಟ್ಟಿದ ಈ ವಿದುಷಿಯು ಪ್ಯಾರಿಸಿನಲ್ಲಿ ಡಾಕ್ಟರ್ ಪದವಿಯನ್ನು ಪಡೆದು, ಸಿನ್ಸಿನಾಟಿಯ ಕಲಾಸಂಗ್ರಹಾಲಯದಲ್ಲಿ ಪಾಲಕಿಯಾಗಿದ್ದು, ೧೯೩೫ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕಲಾಸಂಗ್ರಹಾಲಯಕ್ಕೆ ಪ್ರಥಮ ನಿರ್ದೇಶಕಿಯಾದರು. ಹಗಲೆಲ್ಲ ದುಡಿಯುವವರಿಗೂ ಚಿತ್ರಗಳನ್ನು ನೋಡುವ ಅನುಕೂಲವಾಗಲೆಂದು ಅದನ್ನು ರಾತ್ರಿಯ ಹೊತ್ತಿನಲ್ಲಿಯೂ ತೆರೆದಿಡಿಸಿದರು. ೧೯೫೮ರವರೆಗೆ ಅಲ್ಲಿದ್ದು, ೧೯೬೦ರಲ್ಲಿ ನಮ್ಮ ದೇಶಕ್ಕೆ ಬಂದು ದಿಲ್ಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದ ನಿರ್ದೇಶಕಿಯಾದರು. ಅದರ ಇಂದಿನ ಕಟ್ಟಡವು ಅದೇ ವರ್ಷದ ಡಿಸೆಂಬರಿನಲ್ಲಿ ತೆರೆಯಲ್ಪಟ್ಟಿತು. ವಸ್ತುಗಳನ್ನು ಕ್ರಮವಾಗಿ ಜೋಡಿಸಿ ತೋರಿಸುವ, ಕೆಲಸಗಾರರನ್ನು ತರಬೇತುಗೊಳಿಸುವ ಭಾರವು ಅವರ ಮೇಲೆ ಬಿದ್ದಿತು. ೧೯೬೬ರಲ್ಲಿ ಆ ಪದವಿಯನ್ನು ಬಿಟ್ಟ ಮೇಲೂ ದಿಲ್ಲಿಯಲ್ಲಿಯೇ ನೆಲೆಸಿ ಏಷ್ಯದ ಸಂಗ್ರಹಾಲಯಗಳಿಗಾಗಿ ದುಡಿದರು. ಜನರು ಅವರನ್ನು ಪ್ರೀತಿಯಿಂದ ಮಾತಾಜಿಯೆಂದು ಕರೆದರು. ೧೯೮೨ರಲ್ಲಿ ಭಾರತ ಸರಕಾರವು ಪದ್ಮಭೂಷಣವನ್ನಿತ್ತಿತು. ೧೯೮೫ರಲ್ಲಿ ಅವರು ದಿಲ್ಲಿಯಲ್ಲಿಯೇ ಕಾಲವಾದರು. ಪರದೇಶದ ಮಹಿಳೆಯೊಬ್ಬಳು ನಮ್ಮ ರಾಷ್ಟ್ರದ ಭಂಡಾರವನ್ನು ಸಮರ್ಥವಾಗಿ ನೋಡಿಕೊಂಡಳೆಂದ ಮೇಲೆ, ನಮ್ಮ ಮನೆಯ ಮಗಳು ನಮ್ಮ ಜಿಲ್ಲೆಯ ಭಂಡಾರವನ್ನು ನೋಡಿಕೊಳ್ಳಲಾರಳೆ?

ಹೆಂಗಸರು ಈ ಸ್ಥಾನಕ್ಕೆ ಬರಬೇಕೆಂಬದಕ್ಕೆ ಇನ್ನೊಂದು ಕಾರಣವಿದೆ. ನಮ್ಮ ಎಣಿಕೆಯಲ್ಲಿ ಅದೇ ಮುಖ್ಯವಾದದ್ದು. ರಾಜರು ಕಟ್ಟಿಸಿದ ದೇವಾಲಯಗಳ ಮೇಲೆ ಶಾಸನಗಳಿವೆ. ಆದರೆ ನಮ್ಮ ಅಜ್ಜಿಯಂದಿರು ಹೊಲಿದ ಕೌದಿಗೆ ಯಾವ ಶಾಸನವಿದೆ? ಸೀರೆಯ ಸೆರಗಿನ ಮೇಲೆ ಎಳೆಯೆಣಿಸಿ ಗೋಪುರವನ್ನೂ ತೇರನ್ನೂ ಕಸೂತಿಯಲ್ಲಿ ತೆಗೆದವರ ಹೆಸರನ್ನು ಯಾರು ಬರೆದಿಟ್ಟಿದ್ದಾರೆ? ನಮ್ಮ ನೆರೆಯ ನವಲಗುಂದದ ಜಮಖಾನೆಗಳನ್ನು ನೇಯುವವರು ಹೆಂಗಸರು. ಮದುವೆಯಾಗಿ ಪರವೂರಿಗೆ ಹೋಗುವ ಮಗಳೊಡನೆ ವಿದ್ಯೆಯೂ ಹೊರಟುಹೋಗಬಾರದೆಂದು ಅದನ್ನು ಸೊಸೆಗೆ ಮಾತ್ರ ಕಲಿಸುತ್ತಿದ್ದರೆಂಬ ಮಾತು ಆ ಕಡೆಗಿದೆ. ಇಂಥ ಸಂಗತಿಯನ್ನು ಮನೆಯೊಳಗೆ ಕುಳಿತು, ಅತ್ತೆ ಸೊಸೆಯರ ಬಾಯಿಂದಲೇ ಕೇಳಿ ಬರೆದುಕೊಳ್ಳಬಲ್ಲವಳು ಹೆಣ್ಣುಮಗಳೇ ಸರಿ. ೧೯೦೩ರಲ್ಲಿ ಮಂಗಳೂರಿನಲ್ಲಿ ಜನಿಸಿದ ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯರು ಕುಶಲಕರ್ಮಿಗಳ ಗುಡಿಸಲುಗಳಿಗೆ ತಾವೇ ಹೋಗಿ ಕೇಳಿ ನೋಡಿದ್ದರಿಂದಲೇ ಎಷ್ಟೋ ಕಸಬುಗಳು ದೇಶದಲ್ಲಿ ಮರಳಿ ತಲೆಯೆತ್ತಿದವು. ಇಂಥವರು ಹೆಚ್ಚಾಗದಿದ್ದರೆ ಗಾಜಿನ ಪೆಟ್ಟಿಗೆಯಲ್ಲಿ ಕೌದಿಯಿರುವದು. ಅದನ್ನು ಹೊಲಿದ ಕೈಯ ಸುಳಿವೇ ಇರಲಾರದು.

ಈ ವೃತ್ತಿಯ ಅಡಚಣೆಗಳನ್ನು ನಾವು ಮುಚ್ಚಿಡಬಯಸುವದಿಲ್ಲ. ಹುದ್ದೆಗಳು ಕಡಿಮೆ, ನೇಮಕವು ತಡವಾಗಿ ಬರುವದುಂಟು, ವೈದ್ಯೆಯ ಗಳಿಕೆಯನ್ನು ಪಾಲಕಿಯು ಕಾಣಲಾರಳು. ಮಗಳ ಜೀವನವನ್ನು ಯೋಚಿಸುವ ತಂದೆಯು ಹಿಂಜರಿದರೆ ಅವನನ್ನು ಹಳಿಯುವಂತಿಲ್ಲ. ಆದರೂ ಎರಡು ಮಾತುಗಳನ್ನು ಹೇಳಬೇಕು. ಚರಿತ್ರೆ ಹಾಗೂ ಪುರಾತತ್ವಗಳನ್ನು ಓದಿದವಳಿಗೆ ಶಿಕ್ಷಕಿಯ ದಾರಿಯೇನೂ ಮುಚ್ಚುವದಿಲ್ಲ. ಧಾರವಾಡದಲ್ಲಿಯೇ ಆ ವಿಷಯದ ಉಚ್ಚ ಶಿಕ್ಷಣವು ದೊರೆಯುವದು. ಸಂಗ್ರಹಾಲಯಶಾಸ್ತ್ರವನ್ನೇ ಓದಬೇಕೆಂಬವಳಿಗೆ ೧೯೫೨ರಿಂದ ಬರೋಡೆಯ ವಿಶ್ವವಿದ್ಯಾಲಯದಲ್ಲಿ ಅದಕ್ಕಾಗಿಯೇ ಒಂದು ವಿಭಾಗವುಂಟು. ಎರಡನೆಯದಾಗಿ, ಕೆಲಸವು ನಮ್ಮ ಬಾಗಿಲಿಗೇ ಬಂದಿದೆ. ಲಕ್ಕುಂಡಿಯಲ್ಲಿ ಶಿಲ್ಪಗಳ ಸಂಗ್ರಹಾಲಯವಿದೆ. ೨೦೨೪ರಲ್ಲಿ ಆ ಊರಿನ ಓಣಿ ಹಿತ್ತಿಲುಗಳಲ್ಲಿ ಬಿದ್ದಿದ್ದ ಪ್ರಾಚೀನ ಅವಶೇಷಗಳನ್ನು ಒಟ್ಟುಗೂಡಿಸುವ ಕಾರ್ಯವೂ ನಡೆಯಿತು. ಕೂಡಿಸಿದ್ದನ್ನು ವಿಂಗಡಿಸಿ, ಓದಿ, ಕಾಪಾಡುವವರು ಬೇಕಲ್ಲವೆ? ಬಾದಾಮಿ, ಐಹೊಳೆ, ಹಂಪೆಯ ಬಳಿಯ ಕಮಲಾಪುರ, ಇಲ್ಲೆಲ್ಲ ಸಂಗ್ರಹಾಲಯಗಳಿವೆ. ಆಯಾ ನೆಲದ ಶಿಲ್ಪವು ಆಯಾ ನೆಲದಲ್ಲಿಯೇ ಉಳಿಯಬೇಕಾದರೆ ಆಯಾ ನೆಲದ ಮಕ್ಕಳು ಆ ವಿದ್ಯೆಯನ್ನು ಕಲಿಯಲೇಬೇಕು.

ಹಳೆಯ ವಿದ್ಯಾರ್ಥಿನಿಯರಾದ ಸೋದರಿಯರಲ್ಲಿ ನಮ್ಮದೊಂದು ವಿನಂತಿ. ನಿಮ್ಮಲ್ಲಿ ಹಲವರು ಈಗ ಗೃಹಿಣಿಯರು. ಹೊಸ ವೃತ್ತಿಯನ್ನು ಹಿಡಿಯುವ ಕಾಲವು ನಿಮಗಿಲ್ಲದಿರಬಹುದು. ಆದರೆ ನಿಮ್ಮ ಊರ ಅಗಸಿಯ ಹತ್ತಿರದ ವೀರಗಲ್ಲಿಗೆ ಯಾರಾದರೂ ಎಣ್ಣೆಯ ಬಣ್ಣವನ್ನು ಬಳಿಯಹೊರಟರೆ ಬೇಡವೆಂದು ಹೇಳಬಹುದು. ಬಣ್ಣವು ಅಕ್ಷರವನ್ನು ನುಂಗುವದು. ಮನೆಯ ಹಳೆಯ ಪೆಟ್ಟಿಗೆಯಲ್ಲಿರುವ ಕಸೂತಿಯ ಕುಪ್ಪಸದೊಡನೆ ಅದನ್ನು ಹೊಲಿದವರ ಹೆಸರು, ಊರು, ವರ್ಷಗಳನ್ನು ಒಂದು ಚೀಟಿಯಲ್ಲಿ ಬರೆದಿಡಬಹುದು. ನೂರು ವರ್ಷಕ್ಕೆ ಮೀರಿದ ಶಿಲ್ಪವನ್ನು ಪರದೇಶಕ್ಕೆ ಸಾಗಿಸುವದು ೧೯೭೨ರ ಕಾನೂನಿನಂತೆ ಅಪರಾಧವೆಂದು ಮಕ್ಕಳಿಗೆ ತಿಳಿಸಬಹುದು. ಇಂಥ ಮನೆಯಲ್ಲಿ ಬೆಳೆದ ಹುಡುಗಿಗೆ ಮುಂದಿನ ದಾರಿಯು ತಾನಾಗಿಯೇ ಕಾಣುವದು.

ಶಿರೋಳದ ತೋಂಟದಾರ್ಯ ಮಠದ ರೊಟ್ಟಿಯ ಜಾತ್ರೆಯನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಮನೆಮನೆಯಿಂದ ಬಂದ ಜೋಳದ ರೊಟ್ಟಿಗಳು ಒಂದೆಡೆ ಕೂಡಿ, ಜಾತಿಮತಗಳ ಎಣಿಕೆಯಿಲ್ಲದೆ ಎಲ್ಲರಿಗೂ ಪ್ರಸಾದವಾಗುತ್ತವೆ. ಸಂಗ್ರಹಾಲಯವೂ ಇಂಥದೇ, ಮನೆಮನೆಯ, ಊರೂರಿನ ಸೊತ್ತು ಅಲ್ಲಿ ಎಲ್ಲರ ಸೊತ್ತಾಗುತ್ತದೆ. ಅದನ್ನು ಕಾದು ಹಂಚುವ ಅಧಿಕಾರಕ್ಕೆ ನಮ್ಮ ಶಾಲೆಯ ಒಬ್ಬ ವಿದ್ಯಾರ್ಥಿನಿಯಾದರೂ ಬೇಗನೆ ಬರಲೆಂದೂ, ಅವಳಿಗೆ ಅಡ್ಡಬಾರದಿರುವ ಧೈರ್ಯವು ಅವಳ ತಾಯ್ತಂದೆಗಳಿಗೆ ಉಂಟಾಗಲೆಂದೂ ಹಾರೈಸುತ್ತೇವೆ.