ಅಂಗಿಯ ಹುಟ್ಟೂರು

ಕಲಬುರಗಿಯ ಸೂಪರ್ ಮಾರ್ಕೆಟ್ಟಿನಲ್ಲಿ ಕೆಂಪು ಬಾಳೆಹಣ್ಣು ಕೊಳ್ಳುವವರು ಅದು ಕಮಲಾಪುರದ್ದೇ ಎಂದು ವಿಚಾರಿಸುವುದುಂಟು. ಬಟ್ಟೆಯಂಗಡಿ ಹೊಕ್ಕೊಡನೆ ಆ ಜಾಗರೂಕತೆ ಮಾಯವಾಗುತ್ತದೆ. ಅಂಗಿಯ ಬಣ್ಣವನ್ನೂ ಬೆಲೆಯನ್ನೂ ಪರೀಕ್ಷಿಸುವ ಕಣ್ಣು, ಹೊಲಿದವಳಿಗೆ ಸಂದ ಕೂಲಿಯನ್ನಾಗಲಿ, ಬಣ್ಣದ ನೀರು ಹರಿದ ಹಳ್ಳವನ್ನಾಗಲಿ ಕಾಣದು.

ಕೊಳ್ಳುವವನನ್ನು ದೂರಿ ಫಲವಿಲ್ಲ. ಅಂಗಿಯ ಚೀಟಿ ಅದಾವುದನ್ನೂ ಹೇಳುವುದಿಲ್ಲ. ತಿಳಿದಿರಬೇಕಾದವರು ಹೊಲಿಸುವ ದೊಡ್ಡ ಕಂಪನಿಗಳವರು. ದರವನ್ನೂ ಗಡುವನ್ನೂ ಗೊತ್ತುಪಡಿಸುವವರು ಅವರೇ ಅಲ್ಲವೇ? 2020ರ ಏಪ್ರಿಲಿನಿಂದ ಸಲ್ಲಬೇಕಾಗಿದ್ದ, ತಿಂಗಳಿಗೆ ಸುಮಾರು 417 ರೂಪಾಯಿಗಳ ತುಟ್ಟಿಭತ್ಯವನ್ನು ಕರ್ನಾಟಕದ ಅನೇಕ ಸಿದ್ಧ ಉಡುಪಿನ ಕಾರ್ಖಾನೆಗಳು ತಡೆಹಿಡಿದವು. ಉಚ್ಚ ನ್ಯಾಯಾಲಯದ ಆದೇಶಕ್ಕೂ ಅವು ಕದಲಲಿಲ್ಲ. ವಿದೇಶೀ ಖರೀದಿದಾರರ ಒತ್ತಡ ಬಿದ್ದ ಮೇಲೆ, 2022ರಲ್ಲಿ, ಬಾಕಿ ಕೈಸೇರತೊಡಗಿತು. ಆ ಒತ್ತಡವು ಖರೀದಿದಾರರ ಕೃಪೆಯಾಗಿರದೆ ಕಾನೂನಿನ ಕಟ್ಟಳೆಯಾಗಿರಬೇಕು. ಸರಕು ಒದಗಿಸುವ ಕಾರ್ಖಾನೆಗಳಲ್ಲಿ ನಡೆಯಬಹುದಾದ ಅನ್ಯಾಯವನ್ನು ಮೊದಲೇ ಪರಿಶೀಲಿಸಿ ತಡೆಯುವ ಹೊಣೆಯನ್ನು ದೊಡ್ಡ ಕಂಪನಿಗಳಿಗೆ ಹೊರಿಸುವ ಕಾನೂನನ್ನು ಫ್ರಾನ್ಸ್ 2017ರಲ್ಲೇ ಮಾಡಿತು. ಐರೋಪ್ಯ ಒಕ್ಕೂಟವು 2024ರಲ್ಲಿ ಮಾಡಿ, ಮರುವರ್ಷವೇ ಜಾರಿಯನ್ನು ಮುಂದೂಡಿತು!

ಕಲಬುರಗಿಗೆ ಈ ಮಾತು ದೂರದ್ದಲ್ಲ. 2023ರಲ್ಲಿ ಕೇಂದ್ರ ಸರ್ಕಾರವು ಈ ಜಿಲ್ಲೆಗೆ ಬೃಹತ್ ಜವಳಿ ಪಾರ್ಕನ್ನು ಘೋಷಿಸಿತು. ಅಲ್ಲಿಂದ ಬಟ್ಟೆ ಕೊಳ್ಳುವ ಪ್ರತಿಯೊಂದು ಕಂಪನಿಯೂ ಹೊಲಿದವರ ಕೂಲಿಗೂ ಬಣ್ಣದ ನೀರಿನ ದಾರಿಗೂ ತಾನು ಹೊಣೆಯೆಂದು ಕರಾರಿನಲ್ಲಿ ಬರೆದುಕೊಡುವಂತೆ ಕಾನೂನು ವಿಧಿಸಬೇಕು.